ಉಳುಕಿದ ಹರಡು (ಪಾದದ ಕೀಲು) ನಾಲ್ಕು ತಿಂಗಳಾದರೂ ನೋಯುತ್ತಿದೆ: ಫಿಸಿಯೋಥೆರಪಿಯಿಂದ ಏನಾಗುತ್ತದೆ?

ಪ್ರಶ್ನೆ: ನಾನು ಶಿರಸಿ ತಾಲೂಕಿನ ಹಳ್ಳಿಯೊಂದರ ಅಡಿಕೆ ಬೆಳೆಗಾರ, ವಯಸ್ಸು 46. ಜುಲೈ ತಿಂಗಳಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುತ್ತಿದ್ದಾಗ ತೋಟದ ಸಂಕದ (ಕಾಲುಸೇತುವೆಯ) ಮೇಲೆ ಜಾರಿ, ಬಲಗಾಲು ಒಳಮಗ್ಗುಲಿಗೆ ಮಡಚಿ ಉಳುಕಿತು. ಎಕ್ಸ್-ರೇ ತೆಗೆಸಿದಾಗ ಮೂಳೆ ಮುರಿದಿಲ್ಲವೆಂದರು. ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಒಂದು ತಿಂಗಳು ಜಗಲಿಯ ಮೇಲೇ ಕುಳಿತೆ, ಎಣ್ಣೆ ಹಚ್ಚಿ ತಿಕ್ಕಿಸಿದೆ. ಆಮೇಲೆ ಒಂದು ಕಡೆ ಹತ್ತು ದಿನ ಫಿಸಿಯೋಥೆರಪಿ ಎಂದು ಶಾಖ ಮತ್ತು ಕರೆಂಟ್ ಕೊಟ್ಟರು. ಅಷ್ಟು ದಿನ ಹಗುರವಾಗಿ, ಮತ್ತೆ ಮೊದಲಿನಂತೆಯೇ ಆಯಿತು. ಈಗ ಸಮತಟ್ಟಾದ ನೆಲದಲ್ಲಿ ಸರಿಯಾಗಿ ನಡೆಯುತ್ತೇನೆ, ತೋಟಕ್ಕೆ ಇಳಿಯುವಾಗ ನೋಯುತ್ತದೆ, ಸಂಜೆಯ ಹೊತ್ತಿಗೆ ಸ್ವಲ್ಪ ಬಾವು ಬರುತ್ತದೆ, ಎರಡು ಸಲ ಕಾಲು ಮತ್ತೆ ಹೊರಳಿದೆ. ಅಡಿಕೆ ಕೊನೆ (ಗೊನೆ) ಕೊಯ್ಲು ಹತ್ತಿರ ಬಂದಿದೆ. ಫಿಸಿಯೋಥೆರಪಿಯಿಂದ ಇನ್ನೂ ಪ್ರಯೋಜನವಿದೆಯೇ, ಅಥವಾ ಆಪರೇಷನ್ ಮಾಡಿಸಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ನೋವಿನ ವಿವರಕ್ಕಿಂತ ಹೆಚ್ಚಾಗಿ ನನ್ನ ಗಮನ ಸೆಳೆದದ್ದು ‘ಎರಡು ಸಲ ಮತ್ತೆ ಹೊರಳಿದೆ’ ಎಂಬ ಮಾತು. ನೀವು ಬರೆದಿರುವ ರೀತಿಯನ್ನು ನೋಡಿದರೆ, ಹರಿದ ತಂತುಗಳು ಬಹುಮಟ್ಟಿಗೆ ಕೂಡಿಕೊಂಡಿವೆ, ಆದರೆ ಕಾಲು ಇನ್ನೂ ಕೆಲಸಕ್ಕೆ ಒದಗುವಷ್ಟು ತಯಾರಾಗಿಲ್ಲ. ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ನಿಮಗೆ ಯಾರೂ ಹೇಳಿಲ್ಲವೆಂದು ತೋರುತ್ತದೆ. ನೀವು ಪಡೆದ ಹತ್ತು ದಿನಗಳ ಚಿಕಿತ್ಸೆಯಲ್ಲಿ ಫಿಸಿಯೋಥೆರಪಿಯ ಮುಖ್ಯ ಭಾಗವಾದ ವ್ಯಾಯಾಮವೇ ಇರಲಿಲ್ಲ. ಹಾಗಾಗಿ ಅದು ವಿಫಲವಾಯಿತೆಂದು ತೀರ್ಮಾನಿಸಿ ಆಪರೇಷನ್ ಬಗ್ಗೆ ಯೋಚಿಸುವ ಕಾಲ ಇನ್ನೂ ಬಂದಿಲ್ಲ.

ಕಾಲು ಏಕೆ ಒಳಮಗ್ಗುಲಿಗೇ ಮಡಚುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನ ಚಿಕಿತ್ಸೆಯ ತರ್ಕ ತಾನಾಗಿ ಅರ್ಥವಾಗುತ್ತದೆ. ಮೊಣಕಾಲಿನ ಕೆಳಗಿನ ಎರಡು ಮೂಳೆಗಳಾದ ಟಿಬಿಯಾ ಮತ್ತು ಫಿಬುಲಾಗಳ ತುದಿಗಳು ಇಕ್ಕಳದಂತೆ ಎರಡೂ ಬದಿಯಿಂದ ಟೇಲಸ್ ಎಂಬ ಮೂಳೆಯನ್ನು ಹಿಡಿದುಕೊಂಡಿರುತ್ತವೆ. ಈ ತುದಿಗಳೇ ಹರಡಿನ ಎರಡು ಬದಿಯಲ್ಲಿ ಉಬ್ಬಿ ಕಾಣುವ ಗಂಟುಗಳು. ಹೊರಬದಿಯ ಗಂಟು ಒಳಬದಿಯ ಗಂಟಿಗಿಂತ ಕೆಳಗೆ ಇಳಿದಿರುವುದರಿಂದ ಪಾದ ಹೊರಕ್ಕೆ ಹೊರಳುವುದು ಕಷ್ಟ, ಒಳಕ್ಕೆ ಹೊರಳುವುದು ಸುಲಭ. ಅದಲ್ಲದೆ ಟೇಲಸ್ ಮುಂಭಾಗದಲ್ಲಿ ಅಗಲವಾಗಿಯೂ ಹಿಂಭಾಗದಲ್ಲಿ ಕಿರಿದಾಗಿಯೂ ಇದೆ. ಇಳಿಜಾರಿನಲ್ಲಿ ಪಾದದ ತುದಿಯನ್ನು ಕೆಳಮುಖವಾಗಿ ಇಟ್ಟಾಗ ಆ ಕಿರಿದಾದ ಭಾಗ ಇಕ್ಕಳದೊಳಗೆ ಬರುವುದರಿಂದ ಮೂಳೆಗಳ ಹಿಡಿತ ಸಡಿಲವಾಗಿ, ಕೀಲನ್ನು ಕಾಯುವ ಭಾರವೆಲ್ಲ ಹೊರಬದಿಯ ಮೂರು ಲಿಗಮೆಂಟ್‌ಗಳ (ಮೂಳೆಗೆ ಮೂಳೆಯನ್ನು ಬಿಗಿದಿರುವ ತಂತುಪಟ್ಟಿಗಳ) ಮೇಲೂ ಸುತ್ತಲಿನ ಸ್ನಾಯುಗಳ ಮೇಲೂ ಬೀಳುತ್ತದೆ. ಮೂರರಲ್ಲಿ ಮುಂದಿನದು, ಅಂದರೆ ಫಿಬುಲಾದಿಂದ ಟೇಲಸ್‌ಗೆ ಹೋಗುವ ಪಟ್ಟಿ, ಎಲ್ಲಕ್ಕಿಂತ ದುರ್ಬಲ. ಸಾಮಾನ್ಯವಾಗಿ ಮೊದಲು ಹರಿಯುವುದು ಅದೇ. ಸಮತಟ್ಟಾದ ಅಂಗಳದಲ್ಲಿ ಸುಖವಾಗಿರುವ ನಿಮ್ಮ ಕಾಲು ತೋಟದ ಇಳಿಜಾರಿನಲ್ಲಿ ಮಾತ್ರ ತಕರಾರು ಮಾಡುವುದಕ್ಕೆ ಇದೂ ಒಂದು ಕಾರಣ.

ಎಕ್ಸ್-ರೇಯ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆಯಿದೆ. ಅದರಲ್ಲಿ ಮೂಳೆ ಕಾಣಿಸುತ್ತದೆ, ಲಿಗಮೆಂಟ್ ಕಾಣಿಸುವುದಿಲ್ಲ. ಆದ್ದರಿಂದ ‘ಮೂಳೆ ಮುರಿದಿಲ್ಲ’ ಎಂಬ ವರದಿಯನ್ನು ‘ಏನೂ ಆಗಿಲ್ಲ’ ಎಂದು ಓದಿಕೊಳ್ಳಬಾರದು. ಎಕ್ಸ್-ರೇ ಯಾರಿಗೆ ಅಗತ್ಯ ಎಂಬುದಕ್ಕೆ ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ರೂಪಿಸಿದ ಸರಳ ನಿಯಮಗಳು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಹರಡಿನ ಗಂಟುಗಳ ಸುತ್ತ ನೋವಿದ್ದು, ಹೊರಗಿನ ಅಥವಾ ಒಳಗಿನ ಗಂಟಿನ ಹಿಂಬದಿಯ ಅಂಚಿನಲ್ಲಿ ಕೆಳಗಿನ 6 ಸೆಂಟಿಮೀಟರ್ ಭಾಗವನ್ನೋ ಗಂಟಿನ ತುದಿಯನ್ನೋ ಒತ್ತಿದಾಗ ಮೂಳೆಯೇ ನೊಂದರೆ, ಇಲ್ಲವೇ ಬಿದ್ದ ಕೂಡಲೇ ಮತ್ತು ವೈದ್ಯರು ಪರೀಕ್ಷಿಸುವಾಗ ಎರಡೂ ಸಲ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್-ರೇ ಬೇಕು. ಪಾದದ ನಡುಭಾಗದಲ್ಲಿ ನೋವಿದ್ದಾಗ ಕಿರುಬೆರಳಿನ ಸಾಲಿನ ಉದ್ದ ಮೂಳೆಯ ಬುಡವನ್ನೂ ಒಳಬದಿಯ ನೆವಿಕ್ಯುಲರ್ ಮೂಳೆಯನ್ನೂ ಹೀಗೆಯೇ ಒತ್ತಿ ನೋಡುತ್ತಾರೆ. ಘಟ್ಟದ ಮೇಲಿನ ಹಳ್ಳಿಗಳಿಂದ ಮಳೆಗಾಲದಲ್ಲಿ ಪೇಟೆಗೆ ಬರುವುದೇ ಒಂದು ಸಾಹಸವಾಗಿರುವಾಗ, ಈ ನಿಯಮಗಳು ಮನೆಮಂದಿಗೂ ಗೊತ್ತಿರುವುದು ಒಳ್ಳೆಯದು.

ಇನ್ನು ನೀವು ಪಡೆದ ಒಂದು ತಿಂಗಳ ವಿಶ್ರಾಂತಿ. ಅದು ನಿಮ್ಮ ತಪ್ಪಲ್ಲ, ಬಹುಕಾಲ ಎಲ್ಲರೂ ಕೊಡುತ್ತಿದ್ದ ಸಲಹೆಯೇ ಅದಾಗಿತ್ತು. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ ಮತ್ತು ಕಾಲನ್ನು ಎತ್ತರದಲ್ಲಿಡುವುದು ಎಂಬ ನಾಲ್ಕರ ಸೂತ್ರವನ್ನು ಅಮೆರಿಕದ ವೈದ್ಯ ಗೇಬ್ ಮರ್ಕಿನ್ 1978ರಲ್ಲಿ ಪ್ರಚಾರಕ್ಕೆ ತಂದರು. ದಶಕಗಳ ನಂತರ ಅವರೇ, ಪೂರ್ಣ ವಿಶ್ರಾಂತಿಯೂ ಹೆಚ್ಚು ಹೊತ್ತಿನ ಮಂಜುಗಡ್ಡೆಯೂ ಗುಣವಾಗುವುದನ್ನು ನಿಧಾನಗೊಳಿಸಬಹುದು ಎಂದು ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು. ಮೊದಲ ಎರಡು ಮೂರು ದಿನ ಕಾಲಿಗೆ ಬಿಡುವು ಕೊಡಬೇಕು, ನೋವು ತಡೆಯಲು ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಡಬಹುದು. ಆಮೇಲೆ ನೋವಿನ ಮಿತಿಯೊಳಗೆ ಪಾದ ಊರುತ್ತಾ, ಅಲುಗಾಡಿಸುತ್ತಾ ಹೋಗಬೇಕು. ಹರಿದ ಲಿಗಮೆಂಟ್‌ನಲ್ಲಿ ಹೊಸ ತಂತುಗಳು ಮೊದಲ ಕೆಲವು ವಾರಗಳಲ್ಲಿ ಅಡ್ಡಾದಿಡ್ಡಿಯಾಗಿ ಹುಟ್ಟುತ್ತವೆ. ಹದವಾದ ಎಳೆತ ಬಿದ್ದಾಗ ಮಾತ್ರ ಅವು ಎಳೆತದ ದಿಕ್ಕಿನಲ್ಲಿ ಸಾಲಾಗಿ ಜೋಡಣೆಗೊಂಡು ಗಟ್ಟಿಯಾಗುತ್ತವೆ, ಮತ್ತು ಈ ಜೋಡಣೆ ಒಂದು ವರ್ಷದವರೆಗೂ ನಡೆಯುತ್ತಲೇ ಇರುತ್ತದೆ. ನಾಲ್ಕು ತಿಂಗಳು ಕಳೆದಿರುವ ನಿಮ್ಮ ಕಾಲಿನಲ್ಲಿ ಆ ಕೆಲಸ ಇನ್ನೂ ನಡೆದಿದೆ, ಅಂದರೆ ವ್ಯಾಯಾಮದಿಂದ ಅದನ್ನು ಸರಿದಾರಿಗೆ ತರಲು ಸಮಯವಿದೆ.

ಎಣ್ಣೆ ಹಚ್ಚಿ ಹಗುರವಾಗಿ ನೀವಿಸಿಕೊಳ್ಳುವುದಕ್ಕೆ ನನ್ನ ಅಡ್ಡಿಯಿಲ್ಲ, ಅದರಿಂದ ಬಿಗಿತ ಸಡಿಲವಾಗಿ ಹಿತವೆನಿಸುತ್ತದೆ. ಆದರೆ ಪೆಟ್ಟಾದ ಮೊದಲ ದಿನಗಳಲ್ಲಿ ‘ಉಳುಕು ತೆಗೆಯುತ್ತೇವೆ’ ಎಂದು ಪಾದವನ್ನು ಬಲವಾಗಿ ಎಳೆದು ತಿರುವುವುದನ್ನು ದಯವಿಟ್ಟು ಯಾರಿಗೂ ಮಾಡಲು ಬಿಡಬೇಡಿ. ಅರ್ಧ ಹರಿದ ತಂತು ಪೂರ್ತಿ ಹರಿದುಹೋದ ಉದಾಹರಣೆಗಳನ್ನು ನಾನು ಕುಮಟಾ, ಅಂಕೋಲಾ ಕಡೆಯ ರೋಗಿಗಳಲ್ಲಿ ಕಂಡಿದ್ದೇನೆ. ಕರೆಂಟ್ ಮತ್ತು ಶಾಖ ತಾತ್ಕಾಲಿಕವಾಗಿ ನೋವನ್ನು ತಗ್ಗಿಸುತ್ತವೆ, ಅಷ್ಟರ ಮಟ್ಟಿಗೆ ಅವುಗಳಿಗೆ ಸ್ಥಾನವಿದೆ. ಹೊಸದಾಗಿ ಉಳುಕಿದ ಹರಡಿಗೆ ಅಲ್ಟ್ರಾಸೌಂಡ್ ಚಿಕಿತ್ಸೆ ಕೊಡುವ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2011ರ ಪರಾಮರ್ಶೆಗೆ, ನಿಜವಾದ ಯಂತ್ರಕ್ಕೂ ಸುಮ್ಮನೆ ಇಟ್ಟ ಯಂತ್ರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಜಿಲ್ಲೆಯಲ್ಲಿ ಫಿಸಿಯೋಥೆರಪಿ ಎಂದರೆ ಮಲಗಿಸಿ ಯಂತ್ರ ಹಚ್ಚುವುದು ಎಂಬ ಕಲ್ಪನೆ ಬೇರೂರಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ, ಏಕೆಂದರೆ ಆ ಕಾರಣದಿಂದಲೇ ಎಷ್ಟೋ ಜನ ಹತ್ತು ದಿನ ಬಂದು, ಹಣ ಕಳೆದುಕೊಂಡು, ನಂಬಿಕೆಯನ್ನೂ ಕಳೆದುಕೊಂಡು ಮನೆಗೆ ಮರಳುತ್ತಾರೆ.

ಕಾಲು ಮತ್ತೆ ಮತ್ತೆ ಹೊರಳುವುದಕ್ಕೆ ಲಿಗಮೆಂಟ್ ಸಡಿಲವಾಗಿರುವುದೊಂದೇ ಕಾರಣವಲ್ಲ. ಬ್ರಿಟನ್ನಿನ ವೈದ್ಯ ಮೈಕೆಲ್ ಫ್ರೀಮನ್ ಮತ್ತು ಅವರ ಸಹೋದ್ಯೋಗಿಗಳು 1965ರಲ್ಲಿ ಪ್ರಕಟಿಸಿದ ವಿಚಾರ ಈ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಲಿಗಮೆಂಟ್ ಎಂಬುದು ಬರಿಯ ಹಗ್ಗವಲ್ಲ, ಪಾದ ಯಾವ ಕೋನದಲ್ಲಿದೆ, ಎಷ್ಟು ವೇಗವಾಗಿ ವಾಲುತ್ತಿದೆ ಎಂದು ಮೆದುಳಿಗೂ ಬೆನ್ನುಹುರಿಗೂ ಸುದ್ದಿ ಕೊಡುವ ನರತುದಿಗಳು ಅದರಲ್ಲಿವೆ. ಲಿಗಮೆಂಟ್ ಹರಿದಾಗ ಆ ಸುದ್ದಿಯ ದಾರಿಯೂ ಕೆಡುತ್ತದೆ. ಪಾದ ಒಳಕ್ಕೆ ವಾಲುತ್ತಿದ್ದಂತೆ ಅದನ್ನು ಹೊರಕ್ಕೆ ಎಳೆದು ನಿಲ್ಲಿಸಬೇಕಾದ ಪೆರೋನಿಯಲ್ ಸ್ನಾಯುಗಳಿಗೆ ಸುದ್ದಿ ತಡವಾಗಿ ತಲುಪುತ್ತದೆ, ಅಷ್ಟರೊಳಗೆ ಕಾಲು ಹೊರಳಿರುತ್ತದೆ. ವಾಲುವ ಹಲಗೆಯ ಮೇಲೆ ನಿಂತು ಸಮತೋಲನದ ಅಭ್ಯಾಸ ಮಾಡಿದವರಲ್ಲಿ ಈ ದೋಷ ಗಣನೀಯವಾಗಿ ಕಡಿಮೆಯಾದದ್ದನ್ನು ಅವರು ತೋರಿಸಿದರು. ಇಂದು ನಾವು ಮಾಡಿಸುವ ಒಂಟಿಕಾಲಿನ ಅಭ್ಯಾಸಗಳ ಮೂಲ ಅಲ್ಲಿದೆ.

ಈಗ ನೀವು ಮಾಡಬೇಕಾದುದಕ್ಕೆ ಬರುತ್ತೇನೆ. ಮೊದಲು ಕೀಲಿನ ಬಿಗಿತವನ್ನು ಅಳೆಯಿರಿ. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿಯನ್ನು ನೆಲದಿಂದ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ, ಹೆಬ್ಬೆರಳಿನ ತುದಿ ಗೋಡೆಯಿಂದ ಎಷ್ಟು ದೂರವಿದ್ದರೂ ಮುಟ್ಟಿಸಲು ಸಾಧ್ಯವೆಂದು ಅಳತೆಪಟ್ಟಿಯಿಂದ ನೋಡಿ. ಹಲವರಲ್ಲಿ ಇದು 10 ಸೆಂಟಿಮೀಟರ್ ಆಸುಪಾಸಿನಲ್ಲಿರುತ್ತದೆ, ಆದರೆ ನಿಮ್ಮ ಎಡಗಾಲೇ ನಿಮಗೆ ಸರಿಯಾದ ಮಾನದಂಡ. ಬಲಗಾಲು 2 ಸೆಂಟಿಮೀಟರಿಗಿಂತ ಹೆಚ್ಚು ಹಿಂದೆ ಬಿದ್ದಿದ್ದರೆ, ಅದೇ ಭಂಗಿಯಲ್ಲಿ ಮೊಣಕಾಲನ್ನು ನಿಧಾನವಾಗಿ ಮುಂದಕ್ಕೊಯ್ದು ಹಿಂದಕ್ಕೆ ತರುವುದನ್ನು ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ಮೂವತ್ತು ಸಲ ಮಾಡಿ. ಮೀನಖಂಡವನ್ನು ಮೂವತ್ತು ಸೆಕೆಂಡ್ ಹಿಗ್ಗಿಸಿ ಹಿಡಿಯುವುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಈ ಕೀಲು ಬಿಗಿಯಾಗಿದ್ದರೆ ಮಣೆಯ ಮೇಲೆ ಕುಳಿತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದು ಏಳುವಾಗಲೂ ಹರಡಿನ ಮುಂಭಾಗ ಹಿಡಿದುಕೊಂಡಂತಾಗುತ್ತದೆ.

ಬಲ ಬರಿಸುವುದಕ್ಕೆ ದುಬಾರಿ ಸಾಮಾನು ಬೇಡ. ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಕಂಬಕ್ಕೆ ಕಟ್ಟಿ, ಕುರ್ಚಿಯ ಮೇಲೆ ಕುಳಿತು, ಅದರ ಕುಣಿಕೆಯನ್ನು ಪಾದದ ಮುಂಭಾಗಕ್ಕೆ ಹಾಕಿಕೊಂಡು ಪಾದವನ್ನು ಹೊರಮಗ್ಗುಲಿಗೆ ಎಳೆಯಿರಿ. ಮೊಣಕಾಲು ತಿರುಗದೆ ಹರಡು ಮಾತ್ರ ಅಲುಗಬೇಕು. ಹದಿನೈದು ಸಲದಂತೆ ಮೂರು ಸುತ್ತು ಸಾಕು, ಮರಳಿ ಒಳಕ್ಕೆ ಬಿಡುವಾಗ ಟ್ಯೂಬು ಎಳೆದೊಯ್ಯದಂತೆ ತಡೆಯುತ್ತಾ ನಿಧಾನವಾಗಿ ಬಿಡುವುದು ಮುಖ್ಯ. ಎರಡನೆಯದು ಹಿಮ್ಮಡಿ ಎತ್ತುವುದು. ಮೊದಲು ಎರಡೂ ಕಾಲಲ್ಲಿ, ನಂತರ ಎರಡರಲ್ಲಿ ಎದ್ದು ಬಲಗಾಲೊಂದರಲ್ಲೇ ಇಳಿಯುವುದು, ಆಮೇಲೆ ಬಲಗಾಲೊಂದರಲ್ಲೇ ಎದ್ದು ಇಳಿಯುವುದು. ಗೋಡೆಗೆ ಬೆರಳು ತಾಗಿಸಿಕೊಂಡು ಒಂಟಿಕಾಲಿನಲ್ಲಿ 25 ಸಲ ಏಳಲು ಸಾಧ್ಯವಾಗುವುದು ನಮ್ಮ ವೃತ್ತಿಯಲ್ಲಿ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ. ಇಲ್ಲಿಯೂ ಎಡಗಾಲಿಗೆ ಸರಿಸಮವಾದರೆ ಸಾಕೆಂದು ತಿಳಿಯಿರಿ. ಜಗಲಿಯ ಮೆಟ್ಟಿಲಿನಿಂದ ನಿಧಾನವಾಗಿ ಮುಂದಕ್ಕೆ ಇಳಿಯುವ ಅಭ್ಯಾಸವನ್ನು ಮೂರನೆಯ ವಾರದಿಂದ ಸೇರಿಸಿ. ತೋಟಕ್ಕೆ ಇಳಿಯುವುದಕ್ಕೆ ಇದಕ್ಕಿಂತ ಹತ್ತಿರದ ತಯಾರಿ ಇನ್ನೊಂದಿಲ್ಲ.

ಸಮತೋಲನದ ಅಭ್ಯಾಸವನ್ನು ಮಾತ್ರ ಒಂದು ದಿನವೂ ಬಿಡಬೇಡಿ. ಬರಿಗಾಲಿನಲ್ಲಿ ಬಲಗಾಲೊಂದರ ಮೇಲೆ ಮೂವತ್ತು ಸೆಕೆಂಡ್ ನಿಲ್ಲಿ, ಕೈಗೆ ಸಿಗುವಂತೆ ಕಂಬವೋ ಗೋಡೆಯೋ ಪಕ್ಕದಲ್ಲಿರಲಿ. ಅದು ಸುಲಭವಾದಾಗ ಕಣ್ಣು ಮುಚ್ಚಿ, ಅದೂ ಸುಲಭವಾದಾಗ ಮಡಚಿದ ಕಂಬಳಿಯ ಮೇಲೆ. ನಂತರ ಬಲಗಾಲಿನ ಮೇಲೆ ನಿಂತುಕೊಂಡೇ ಎಡಗಾಲನ್ನು ಮುಂದಕ್ಕೆ, ಹಿಂದೆ ಎಡಕ್ಕೆ, ಹಿಂದೆ ಬಲಕ್ಕೆ ಚಾಚಿ ನೆಲವನ್ನು ಹಗುರವಾಗಿ ಮುಟ್ಟಿ ಮರಳಬೇಕು. ನಿಮಗಾಗಿ ಇನ್ನೊಂದನ್ನು ವಿಶೇಷವಾಗಿ ಹೇಳುತ್ತೇನೆ. ಕೊಯ್ಲಿನ ದಿನ ಕೊನೆಗೌಡರು ಮರದ ಮೇಲಿನಿಂದ ಹಗ್ಗದಲ್ಲಿ ಕೊನೆ ಇಳಿಬಿಡುವಾಗ, ಕೆಳಗೆ ಹಗ್ಗ ಹಿಡಿದವರು ಕತ್ತೆತ್ತಿ ಮೇಲೆ ನೋಡುತ್ತಲೇ ಮರದಿಂದ ಮರಕ್ಕೆ ಸರಿಯಬೇಕಾಗುತ್ತದೆ. ಆಗ ಕಣ್ಣಿನಿಂದ ಸಿಗುತ್ತಿದ್ದ ನೆಲದ ಸುಳಿವು ತಪ್ಪಿ, ಪಾದದ ನರಗಳೇ ಎಲ್ಲವನ್ನೂ ನಿಭಾಯಿಸಬೇಕು. ಬಸಿಗಾಲುವೆಯ ಅಂಚಿನಲ್ಲಿ ಕಾಲು ಹೊರಳುವುದು ಇಂಥ ಹೊತ್ತಿನಲ್ಲಿಯೇ. ಆದ್ದರಿಂದ ಆರನೆಯ ವಾರದಿಂದ ಒಂಟಿಕಾಲಿನಲ್ಲಿ ನಿಂತು ಮಾಡಿನ ಕಡೆ ನೋಡುವುದು, ಕೈಯಲ್ಲಿ ಹಗ್ಗ ಹಿಡಿದು ಎಳೆಯುವುದು, ಮೇಲೆ ನೋಡುತ್ತಾ ಪಕ್ಕಕ್ಕೆ ಹೆಜ್ಜೆ ಇಡುವುದು, ಇವನ್ನೂ ಅಂಗಳದಲ್ಲಿ ಅಭ್ಯಾಸ ಮಾಡಿ. ಯಕ್ಷಗಾನದ ವೇಷಧಾರಿಯಿರಲಿ, ದೋಣಿಯ ಮೇಲೆ ಬಲೆ ಎಳೆಯುವ ಮೀನುಗಾರನಿರಲಿ, ಅವರವರ ಕೆಲಸದ ಚಲನೆಯನ್ನು ಚಿಕಿತ್ಸೆಯೊಳಕ್ಕೆ ತಾರದಿದ್ದರೆ ಅರ್ಧ ಕೆಲಸ ಉಳಿದಂತೆಯೇ ಎಂಬುದು ಕಾರವಾರದ ಕಡೆ ಇಷ್ಟು ವರ್ಷ ಕೆಲಸ ಮಾಡಿದ ನನ್ನ ದೃಢವಾದ ಅಭಿಪ್ರಾಯ.

ಕರಾವಳಿಯ ರೋಗಿಗಳು ಆಗಾಗ ಕೇಳುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ನೀವೂ ಗೋಕರ್ಣಕ್ಕೋ ಕಾರವಾರಕ್ಕೋ ಬಂದಾಗ ಉಪಯೋಗಕ್ಕೆ ಬರಬಹುದು. ಮರಳಿನ ಮೇಲೆ ಬರಿಗಾಲಲ್ಲಿ ನಡೆದರೆ ಕಾಲು ಗಟ್ಟಿಯಾಗುತ್ತದೆ ಎಂಬ ನಂಬಿಕೆ ಪೂರ್ತಿ ಸುಳ್ಳಲ್ಲ, ಆದರೆ ಅದು ಕೊನೆಯ ಹಂತದ ವ್ಯಾಯಾಮ. ಮೃದುವಾದ ಮರಳು ಪ್ರತಿ ಹೆಜ್ಜೆಗೂ ಬೇರೆ ಬೇರೆ ರೀತಿ ಕುಸಿಯುತ್ತದೆ, ಅಲೆ ಬಡಿಯುವ ಅಂಚಿನ ಗಟ್ಟಿ ಮರಳು ಸಮುದ್ರದ ಕಡೆಗೆ ವಾಲಿರುವುದರಿಂದ ಒಂದು ಕಾಲು ಸದಾ ಓರೆಯಾಗಿಯೇ ಬೀಳುತ್ತದೆ. ಒಂಟಿಕಾಲಿನಲ್ಲಿ ಕಣ್ಣು ಮುಚ್ಚಿ ಹದಿನೈದು ಸೆಕೆಂಡಾದರೂ ನಿಲ್ಲಲಾರದವರು ಅದಕ್ಕೆ ಹೋಗುವುದು ಬೇಡ.

ವ್ಯಾಯಾಮ ಮಾಡುವಾಗ ನೋವು ಬಂದರೆ ನಿಲ್ಲಿಸಬೇಕೇ ಎಂದು ಎಲ್ಲರೂ ಕೇಳುತ್ತಾರೆ. ನೋವೇ ಇಲ್ಲದ ಸ್ಥಿತಿಗೆ ಸೊನ್ನೆ, ತಡೆಯಲಾರದ ನೋವಿಗೆ ಹತ್ತು ಎಂದು ಅಂಕ ಕೊಟ್ಟುಕೊಳ್ಳಿ. ಮೂರರವರೆಗಿನ ನೋವು ಬಂದು, ಮರುದಿನ ಬೆಳಗಿನೊಳಗೆ ಹಿಂದಿನ ಮಟ್ಟಕ್ಕೆ ಇಳಿದರೆ ಮುಂದುವರಿಸಬಹುದು. ಬೆಳಗ್ಗೆ ಎದ್ದಾಗ ಬಾವೂ ನೋವೂ ನಿನ್ನೆಗಿಂತ ಹೆಚ್ಚಿದ್ದರೆ ವ್ಯಾಯಾಮವನ್ನು ಬಿಡಬೇಡಿ, ಅರ್ಧಕ್ಕೆ ಇಳಿಸಿ. ಸಂಜೆಯ ಬಾವಿಗೆ ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಟ್ಟು ಪಾದವನ್ನು ಮೇಲೆ ಕೆಳಗೆ ಆಡಿಸುವುದರಿಂದ ಬಹಳ ಉಪಶಮನ ಸಿಗುತ್ತದೆ. ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ವಾರಗಟ್ಟಲೆ ನುಂಗುವುದರಿಂದ ಹೊಟ್ಟೆಗೂ ಮೂತ್ರಪಿಂಡಕ್ಕೂ ತೊಂದರೆಯಿದೆ. ಮಧುಮೇಹವಿದ್ದು ಪಾದದ ಸ್ಪರ್ಶ ಕುಗ್ಗಿದ್ದರೆ ಬಿಸಿನೀರಿನ ಚೀಲವನ್ನಾಗಲಿ ಮಂಜುಗಡ್ಡೆಯನ್ನಾಗಲಿ ಬಳಸಬಾರದು, ಸುಟ್ಟದ್ದೂ ಗೊತ್ತಾಗುವುದಿಲ್ಲ. ನಿಮ್ಮ ವಯಸ್ಸಿನಲ್ಲಿ ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿಕೊಂಡಿರುವುದು ಮೇಲು.

ಕೊಯ್ಲಿನ ವಿಷಯ. ಈ ಅಭ್ಯಾಸಗಳ ಪೂರ್ಣ ಫಲಕ್ಕೆ ಸುಮಾರು ಹನ್ನೆರಡು ವಾರ ಬೇಕು, ಅಡಿಕೆ ಅಷ್ಟು ದಿನ ಕಾಯುವುದಿಲ್ಲವೆಂದು ನನಗೂ ಗೊತ್ತು. ಆದ್ದರಿಂದ ತೋಟಕ್ಕೆ ಹೋಗುವ ದಿನಗಳಲ್ಲಿ ಎರಡೂ ಬದಿಗೆ ಆಸರೆಯಿರುವ, ಲೇಸಿನಿಂದ ಬಿಗಿಯುವ ಆಂಕಲ್ ಬ್ರೇಸ್ ಕಟ್ಟಿಕೊಳ್ಳಿ. ಒಮ್ಮೆ ಉಳುಕಿದವರಲ್ಲಿ ಬ್ರೇಸ್ ಮತ್ತೆ ಉಳುಕುವ ಸಾಧ್ಯತೆಯನ್ನು ಕಡಿಮೆ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ. ಕೆಲಸದ ಹೊತ್ತಿನಲ್ಲಿ ಕಟ್ಟಿಕೊಂಡು ಮನೆಗೆ ಬಂದು ವ್ಯಾಯಾಮ ಮಾಡುವವರ ಕಾಲು ಅದರಿಂದ ದುರ್ಬಲವಾಗುವುದಿಲ್ಲ. ಕ್ರೇಪ್ ಬ್ಯಾಂಡೇಜ್ ಬಾವಿಗೆ ಸರಿ, ಹೊರಳುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಸವೆದ ಹವಾಯಿ ಚಪ್ಪಲಿಯನ್ನು ತೋಟಕ್ಕೆ ಹಾಕಿಕೊಂಡು ಹೋಗುವುದನ್ನು ಬಿಟ್ಟು, ಹಿಮ್ಮಡಿಯನ್ನು ಹಿಡಿಯುವ, ಅಡಿಯಲ್ಲಿ ಆಳವಾದ ಗೀರುಗಳಿರುವ ಬೂಟನ್ನು ಬಳಸಿ. ಹಾವಸೆ ಕಟ್ಟಿದ ಸಂಕಕ್ಕೆ ಅಡ್ಡಪಟ್ಟಿ ಬಡಿಸುವುದು, ಪಕ್ಕದಲ್ಲಿ ಹಿಡಿಯಲು ಒಂದು ಬಿದಿರಿನ ಗಳು ಕಟ್ಟಿಸುವುದು ಚಿಕಿತ್ಸೆಯ ಭಾಗವೆಂದೇ ನಾನು ಭಾವಿಸುತ್ತೇನೆ. ಈ ಸಲ ಅಡಿಕೆ ಕೊನೆ ಹೊತ್ತು ದರೆ ಹತ್ತುವ ಕೆಲಸವನ್ನು ಬೇರೆಯವರಿಗೆ ಬಿಡಿ, ಹಗ್ಗ ಹಿಡಿಯುವುದನ್ನೂ ಮೊದಲ ಕೊಯ್ಲಿನಲ್ಲಿ ಬೇಡ.

ಆಪರೇಷನ್ ಬಗ್ಗೆ ಕೇಳಿದ್ದೀರಿ. ಮೂರರಿಂದ ಆರು ತಿಂಗಳು ಸರಿಯಾದ ವ್ಯಾಯಾಮ ಮಾಡಿದ ಮೇಲೂ ಕಾಲು ಹೊರಳುತ್ತಲೇ ಇದ್ದು, ಪರೀಕ್ಷೆಯಲ್ಲಿ ಕೀಲು ನಿಜಕ್ಕೂ ಸಡಿಲವಾಗಿದೆ ಎಂದು ಕಂಡುಬಂದರೆ ಮಾತ್ರ ಆ ಮಾತು. ಹರಿದ ಲಿಗಮೆಂಟನ್ನೇ ಬಿಗಿದು ಹೊಲಿಯುವ ಈ ಶಸ್ತ್ರಚಿಕಿತ್ಸೆಯನ್ನು ಸ್ವೀಡನ್ನಿನ ಬ್ರೋಸ್ಟ್ರೋಮ್ 1966ರಲ್ಲಿ ವಿವರಿಸಿದರು, ಅದರ ಸುಧಾರಿತ ರೂಪ ಇಂದಿಗೂ ಪ್ರಚಲಿತವಿದೆ ಮತ್ತು ಫಲಿತಾಂಶವೂ ಚೆನ್ನಾಗಿದೆ. ಆದರೆ ಅದಾದ ಮೇಲೂ ಇವೇ ವ್ಯಾಯಾಮಗಳನ್ನು ತಿಂಗಳುಗಟ್ಟಲೆ ಮಾಡಬೇಕಾಗುತ್ತದೆ.

ಕೆಲವು ಲಕ್ಷಣಗಳಿದ್ದರೆ ಹನ್ನೆರಡು ವಾರ ಕಾಯದೆ ಮೂಳೆತಜ್ಞರನ್ನು ಕಾಣಬೇಕು. ಕೀಲಿನ ಆಳದಲ್ಲಿ ನೋವಿದ್ದು ನಡುನಡುವೆ ಸಿಕ್ಕಿಹಾಕಿಕೊಂಡಂತಾದರೆ ಟೇಲಸ್‌ನ ಮೃದ್ವಸ್ಥಿಗೆ ಪೆಟ್ಟಾಗಿರಬಹುದು, ಅದು ಎಕ್ಸ್-ರೇಯಲ್ಲಿ ತಪ್ಪಿಹೋಗುವುದುಂಟು. ನೋವು ಹರಡಿಗಿಂತ ಮೇಲೆ, ಎರಡು ಮೂಳೆಗಳ ನಡುವೆ ಇದ್ದು ಪಾದವನ್ನು ಹೊರಕ್ಕೆ ತಿರುವಿದಾಗ ಹೆಚ್ಚಿದರೆ ಮೂಳೆಗಳನ್ನು ಬೆಸೆದಿರುವ ಮೇಲಿನ ಕಟ್ಟು ಹರಿದಿರುವ ಸಂಭವವಿದೆ. ಹೊರಗಂಟಿನ ಹಿಂದೆ ‘ಟಕ್’ ಎಂದು ಏನೋ ಜಾರಿದಂತಾದರೆ ಪೆರೋನಿಯಲ್ ಸ್ನಾಯುವನ್ನು ಮೂಳೆಗೆ ಸೇರಿಸುವ ಟೆಂಡನ್ ಜಾಗ ಬಿಡುತ್ತಿರಬಹುದು. ಇವನ್ನು ತಿಳಿಯಲು ಎಂಆರ್‌ಐಯೋ ಸ್ಕ್ಯಾನೋ ಬೇಕಾಗುತ್ತದೆ, ಅದಕ್ಕಾಗಿ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವ ಮೊದಲು ಒಮ್ಮೆ ಕೈಯಿಂದ ಸರಿಯಾಗಿ ಪರೀಕ್ಷೆ ಮಾಡಿಸಿಕೊಳ್ಳಿ. ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ, ಅಥವಾ ಕೀಲು ಕೆಂಪಾಗಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ದಿನವೂ ಫಿಸಿಯೋಥೆರಪಿ ಕೇಂದ್ರಕ್ಕೆ ಓಡಾಡುವ ಅಗತ್ಯ ನಿಮಗಿಲ್ಲ. ಶಿರಸಿಯಲ್ಲಿಯೇ ವ್ಯಾಯಾಮ ಕಲಿಸುವ ಒಬ್ಬ ಫಿಸಿಯೋಥೆರಪಿಸ್ಟರನ್ನು ಹುಡುಕಿ, ಮೊದಲ ಭೇಟಿಯಲ್ಲಿ ಎರಡೂ ಕಾಲನ್ನು ಅಳೆಯಿಸಿಕೊಂಡು, ಆಮೇಲೆ ಎರಡು ವಾರಕ್ಕೊಮ್ಮೆ ಹೋದರೆ ಸಾಕು. ಅವರು ನಿಮ್ಮನ್ನು ಮಂಚದಿಂದ ಇಳಿಸಿ ನಿಲ್ಲಿಸಿ, ನಡೆಸಿ, ಮೆಟ್ಟಿಲು ಇಳಿಸಿ ನೋಡದಿದ್ದರೆ ನೀವಾಗಿಯೇ ಕೇಳಿ. ಗೋಡೆಯ ಅಳತೆ, ಒಂಟಿಕಾಲಿನ ಸೆಕೆಂಡುಗಳು, ಹಿಮ್ಮಡಿ ಎತ್ತಿದ ಎಣಿಕೆ, ಈ ಮೂರನ್ನು ಪ್ರತಿ ಭಾನುವಾರ ಕ್ಯಾಲೆಂಡರಿನ ಮೇಲೆ ಬರೆದಿಡಿ. ಆರು ವಾರಗಳಲ್ಲಿ ಮೂರೂ ಅಂಕಿಗಳು ಮೇಲೇರದಿದ್ದರೆ ಆ ಕ್ಯಾಲೆಂಡರನ್ನು ತೆಗೆದುಕೊಂಡು ನೇರವಾಗಿ ಮೂಳೆತಜ್ಞರ ಬಳಿಗೆ ಹೋಗಿ.